ಬಲಗಡೆಯ ಚಕ್ರ

ಹನ್ನೊಂದಕ್ಕೆ ಬರುತ್ತೇವೆಂದು ವೇಣುಗೋಪಾಲ್ ಫೋನಿನಲ್ಲಿ ಹೇಳಿದ್ದರು. ಹತ್ತೂಕಾಲಿಗೇ ಭಾನುಪ್ರಕಾಶ್ ಮೂರನೆಯ ಸಲ ಕೈ ತೊಳೆದುಕೊಂಡ. ಸೋಪಿನ ಪುಡಿಗೆ ಮರಳು ಬೆರೆಸಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುವಂಥದ್ದಲ್ಲ. ಹದಿನೆಂಟು ವರ್ಷದಿಂದ ಹೋಗಿರಲಿಲ್ಲ. ಇವತ್ತು ಮಾತ್ರ ಹೋಗಬೇಕೆಂದು ಯಾಕೆ ಅನ್ನಿಸುತ್ತಿದೆ ಎಂದು ಯೋಚಿಸುತ್ತ ನಲ್ಲಿ ನಿಲ್ಲಿಸಿದ. ಚಿಕ್ಕಬಳ್ಳಾಪುರದ ಬೈಪಾಸಿಗೆ ಮುಖ ಮಾಡಿದ ಆ ಗ್ಯಾರೇಜಿನ ಕೊನೆಯ ಅಂಕಣದಲ್ಲಿ, ಲಿಫ್ಟಿನ ಮೇಲೆ ಮೊಣಕಾಲೆತ್ತರಕ್ಕೆ, ವೇಣುಗೋಪಾಲರ ಬೂದು ಬಣ್ಣದ ಕಾರು ಎಂಟು ದಿನದಿಂದ ನಿಂತಿತ್ತು. ಜರ್ಮನಿಯದು, ಮುನ್ನೂರು ಕುದುರೆ ಶಕ್ತಿಯದು. ಎಡಬದಿಯ ಎರಡು ಬಾಗಿಲುಗಳ ಮೇಲೆ ಬಂಡೆ ಉಜ್ಜಿದ ಉದ್ದನೆಯ ಗೀರು. ಮುಂದಿನ ಎಡಚಕ್ರ ಬಿಚ್ಚಿತ್ತು, ಬಲಚಕ್ರ ಇದ್ದ ಹಾಗೇ ಇತ್ತು. ಸ್ಪ್ಯಾನರಿನ ಕಪಾಟಿಗೆ ಕಾರಿನ ಬಲಬದಿಯಿಂದ ಹೋದರೆ ನಾಲ್ಕು ಹೆಜ್ಜೆ; ಭಾನುಪ್ರಕಾಶ್ ಎಂಟು ದಿನದಿಂದ ಡಿಕ್ಕಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದ. ಯಾರೂ ಗಮನಿಸಿರಲಿಲ್ಲ. ಗಮನಿಸಿದರೆ ಏನು ಹೇಳಬೇಕೆಂದು ಅವನು ಮೊದಲ ದಿನವೇ ಯೋಚಿಸಿ ಇಟ್ಟುಕೊಂಡಿದ್ದ: ಆ ಕಡೆ ನೆಲದಲ್ಲಿ ಆಯಿಲ್ ಇದೆ, ಜಾರುತ್ತದೆ.

ಇವತ್ತು ಅವನು ಆ ಕಾರಿಗೆ ಹೊಸ ಬ್ರೇಕು ಆರಿಸಿ ಹೇಳಬೇಕಾಗಿತ್ತು. ಮೇಜಿನ ಮೇಲೆ ಬೆಂಗಳೂರಿನಿಂದ ತರಿಸಿದ ಎರಡು ಕಂಪನಿಗಳ ಬಣ್ಣದ ಪುಸ್ತಕಗಳಿದ್ದವು. ಎರಡರಲ್ಲೂ ಚಕ್ರದ ಜೊತೆ ತಿರುಗುವ ಗೀರು ಕೊರೆದ ದೊಡ್ಡ ಡಿಸ್ಕು, ಅದನ್ನು ಎರಡೂ ಕಡೆಯಿಂದ ಹಿಡಿಯುವ ರೇಸಿನ ಪ್ಯಾಡು, ಪ್ಯಾಡನ್ನು ಒತ್ತುವ ಆರು ಪಿಸ್ಟನ್ನಿನ ಕ್ಯಾಲಿಪರು. ಒಂದು ಕಂಪನಿಯ ಕಿಟ್ಟು ಕೆಂಪು, ಇನ್ನೊಂದರದು ಹಳದಿ. “ನೀನು ಓದಿರೋನು, ನೀನೇ ಸೆಲೆಕ್ಟ್ ಮಾಡಪ್ಪ” ಎಂದು ವೇಣುಗೋಪಾಲ್ ಹೇಳಿ ಹೋಗಿದ್ದರು. ಓದಿರೋನು ಎಂಬ ಮಾತು ಬಂದಾಗಲೆಲ್ಲ ಭಾನುಪ್ರಕಾಶನಿಗೆ ಚಿಂತಾಮಣಿಯ ಆ ಸಂಜೆ ತರಗತಿ ನೆನಪಾಗುತ್ತಿತ್ತು. ಹಗಲೆಲ್ಲ ಲಾರಿ ಶೆಡ್ಡಿನಲ್ಲಿ ದುಡಿದು ಆರು ಗಂಟೆಗೆ ಬೆಂಚಿನ ಮೇಲೆ ಕೂತರೆ ಕಣ್ಣು ಎಳೆಯುತ್ತಿತ್ತು. ಗ್ರೀಸಿನ ವಾಸನೆಗೆ ಪಕ್ಕದವನು ಸರಿದು ಕೂರುತ್ತಿದ್ದ, ಅಥವಾ ಗ್ರೀಸಿಗಲ್ಲವೇನೋ. ಕೋನಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಚಕ್ರ ಬರೆದು, ವೇಗ ಎಲ್ಲೂ ಮಾಯ ಆಗಲ್ಲ ಕಣ್ರೋ, ಬಿಸಿ ಆಗ್ತದೆ, ಆ ಬಿಸಿ ಎಲ್ಲಿಗೆ ಹೋಯ್ತು ಅಂತ ಕೇಳ್ಕೊಳ್ಳಿ, ಬ್ರೇಕಿಗೆ ಇರೋದು ಅದೊಂದೇ ಪ್ರಶ್ನೆ ಎನ್ನುತ್ತಿದ್ದರು. ಅವನು ಅದನ್ನು ಬರೆದುಕೊಂಡಿದ್ದ. ಡಿಪ್ಲೊಮಾ ಎರಡನೆಯ ದರ್ಜೆಯಲ್ಲಿ ಆಯಿತು. ಈಗ ಗ್ಯಾರೇಜಿನ ಮಾಲೀಕ ಹರಿಕೃಷ್ಣ ಗಿರಾಕಿಗಳ ಮುಂದೆ, ಬ್ರೇಕ್ ವಿಷಯ ಅಂದ್ರೆ ನಮ್ಮ ಭಾನು, ಅವನು ಕೈ ಇಟ್ರೆ ತಪ್ಪೋ ಮಾತೇ ಇಲ್ಲ, ಎನ್ನುವಾಗ ಭಾನುಪ್ರಕಾಶ್ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದ. ಎಲ್ಲರೂ ಅದನ್ನು ವಿನಯ ಎಂದುಕೊಂಡಿದ್ದರು.

ಒಂದು ವಾರ ಬಸ್ಸಿನಲ್ಲಿ ಬರುವಾಗ ಹೋಗುವಾಗ ಮೊಬೈಲಿನಲ್ಲಿ ಓದಿ ಓದಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಈ ಕಾರಿಗೆ ಆ ಕಿಟ್ಟು ಬೇಡ. ರೇಸಿನ ಪ್ಯಾಡು ಚೆನ್ನಾಗಿ ಕಾದ ಮೇಲೆ ಕೆಲಸ ಮಾಡುವಂಥದ್ದು. ಬೆಳಗ್ಗೆ ಮನೆಯಿಂದ ಹೊರಟ ತಣ್ಣನೆಯ ಗಾಡಿಯಲ್ಲಿ ಮೊದಲ ನಾಲ್ಕೈದು ಸಲ ಒತ್ತಿದರೆ ಅದು ನಿಲ್ಲಿಸುವುದಕ್ಕಿಂತ ಕಿರುಚುವುದೇ ಹೆಚ್ಚು. ಡಿಸ್ಕು ಈಗಿನ ಚಕ್ರದೊಳಗೆ ಕೂರುವುದಿಲ್ಲ, ಚಕ್ರವನ್ನೂ ಬದಲಿಸಬೇಕು. ಮುದ್ದೇನಹಳ್ಳಿ, ಚಿಕ್ಕಬಳ್ಳಾಪುರ, ಏರ್‌ಪೋರ್ಟು, ತಿಂಗಳಿಗೊಮ್ಮೆ ನಂದಿ ಬೆಟ್ಟ, ಇಷ್ಟು ಓಡುವ ಗಾಡಿಗೆ ಕಾರಿನ ಕಂಪನಿಯ ಬ್ರೇಕೇ ಸಾಕು, ಅದು ಸರಿಯಾಗಿದ್ದರೆ. ಈ ‘ಸರಿಯಾಗಿದ್ದರೆ’ ಎಂಬಲ್ಲಿ ಬಂದು ಅವನ ಯೋಚನೆ ನಿಲ್ಲುತ್ತಿತ್ತು. ಕಿಟ್ಟು ಹಾಕಿಸಿ ಎಂದುಬಿಟ್ಟರೆ ಹಳೆಯ ಕ್ಯಾಲಿಪರು, ಡಿಸ್ಕು, ಪ್ಯಾಡು ಎಲ್ಲ ಗುಜರಿಗೆ ಹೋಗುತ್ತವೆ. ಎಡಗಡೆಯದೂ ಹೋಗುತ್ತದೆ, ಬಲಗಡೆಯದೂ ಹೋಗುತ್ತದೆ. ಆಮೇಲೆ ಅವೆರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಯಾರೂ ಇರುವುದಿಲ್ಲ. ಹರಿಕೃಷ್ಣನಿಗೂ ಸಂತೋಷ, ವೇಣುಗೋಪಾಲರಿಗೂ ಸಂತೋಷ. ಹಾಗಿದ್ದರೂ ಮೂರನೆಯ ದಿನವೇ ಅವನು ಯಾರಿಗೂ ಹೇಳದೆ ಕಂಪನಿಯ ಡಿಸ್ಕು, ಪ್ಯಾಡು, ಎಡಗಡೆಗೊಂದು ಹೊಸ ಕ್ಯಾಲಿಪರು, ಬಲಗಡೆಗೆ ಪಿನ್ನು ರಬ್ಬರು, ಕುದಿಯುವ ಮಟ್ಟ ಹೆಚ್ಚಿರುವ ಬ್ರೇಕ್ ಆಯಿಲು ತರಿಸಿ ಕಪಾಟಿನ ಕೆಳಗೆ ಗೋಣಿತಾಟಿನಡಿ ಇಟ್ಟಿದ್ದ. ಬೇಡವಾದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ. ಅದು ಪ್ರಾಮಾಣಿಕತೆಯೋ, ಪ್ರಾಮಾಣಿಕನಾಗಿರುವುದನ್ನು ಮುಂದಕ್ಕೆ ಹಾಕುವ ಉಪಾಯವೋ, ಅವನಿಗೇ ಗೊತ್ತಿರಲಿಲ್ಲ.

ಆ ಕಾರಿನ ವಿಷಯಕ್ಕೆ ಫೋನು ಬಂದದ್ದು ಹಿಂದಿನ ವಾರದ ಗುರುವಾರ ಮಧ್ಯಾಹ್ನ. ಅವನು ಒಂದು ಟೆಂಪೋದ ಅಡಿ ಮಲಗಿದ್ದ, ಕಿವಿಯಲ್ಲಿ ಇಯರ್‌ಫೋನು. ವೇಣುಗೋಪಾಲರ ಹೆಂಡತಿ ಶೈಲಜಾ. ಚಿಕ್ಕಬಳ್ಳಾಪುರದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಆ ಕಾರನ್ನು ದಿನಾ ಓಡಿಸುತ್ತಿದ್ದವರು ಅವರೇ. “ಭಾನು ಅವ್ರೇ, ಒಂದು ವಿಷಯ. ಬ್ರೇಕು ಯಾಕೋ ತುಂಬಾ ಹಿಡೀತಿದೆ.” ಆರು ವಾರದ ಹಿಂದೆ ಅವನೇ ಹೊಸ ಪ್ಯಾಡು ಹಾಕಿದ್ದ. “ಹೊಸಾ ಪ್ಯಾಡಲ್ವಾ ಮೇಡಂ, ಹಿಡೀಲೇಬೇಕು. ಹಿಡೀದಿದ್ರೆ ತಾನೇ ತೊಂದ್ರೆ” ಎಂದು ಅವನು ನಕ್ಕ. ಆ ಕಡೆಯಿಂದ ಅವರೂ ಸ್ವಲ್ಪ ತಡವಾಗಿ ನಕ್ಕರು. ಅದಲ್ಲ, ಎಡಗಡೆಯಿಂದ ಏನೋ, ಎಂದು ಮತ್ತೆ ಶುರುಮಾಡಿದರು. ಅಷ್ಟರಲ್ಲಿ ಟೆಂಪೋದ ನಟ್ಟೊಂದು ಅವನ ಹಣೆಯ ಮೇಲೆ ಬಿತ್ತು. “ಶನಿವಾರ ತನ್ನಿ ಮೇಡಂ, ನೋಡ್ಬಿಡೋಣ” ಎಂದು ಕಟ್ ಮಾಡಿದ. ಶುಕ್ರವಾರ ರಜೆಯಿತ್ತು. ಶೈಲಜಾ ತಮ್ಮ ಅತ್ತೆ ಆದಿಲಕ್ಷ್ಮಮ್ಮನವರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋದರು. ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕಿನ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಯಿತು. ಅವರು ಹ್ಯಾಂಡ್‌ಬ್ರೇಕು ಎಳೆದು ಗಾಡಿಯನ್ನು ಬೆಟ್ಟದ ಮಗ್ಗುಲಿಗೆ ಒರಸಿ ನಿಲ್ಲಿಸಿದರು. ಅತ್ತೆಯ ಭುಜ ಬಾಗಿಲಿಗೆ ಬಡಿದು ಊದಿತು. ಇಷ್ಟೇ ಆದದ್ದು.

ಹಿಡಿಯುವುದು ಎಂಬ ಮಾತಿಗೆ ಎರಡು ಅರ್ಥ ಇರುವುದು ಭಾನುಪ್ರಕಾಶನಿಗೆ ಗೊತ್ತಿರಲಿಲ್ಲವೆಂದಲ್ಲ. ಒತ್ತಿದಾಗ ಗಾಡಿ ನಿಂತರೆ ಬ್ರೇಕು ಹಿಡಿಯುತ್ತಿದೆ. ಕಾಲು ತೆಗೆದ ಮೇಲೂ ಬಿಡದೆ ಚಕ್ರಕ್ಕೆ ಕಚ್ಚಿಕೊಂಡಿದ್ದರೆ ಅದೂ ಬ್ರೇಕು ಹಿಡಿಯುತ್ತಿದೆ. ಗಿರಾಕಿಗಳು ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ, ಮುಖ ನೋಡಿ ತಿಳಿದುಕೊಳ್ಳಬೇಕು. ಚಿಂತಾಮಣಿಯ ಶೆಡ್ಡಿನಲ್ಲಿ ಈ ಕಷ್ಟ ಇರಲಿಲ್ಲ. ಅಲ್ಲಿ ಎಲ್ಲ ತೆಲುಗು. ಚೆನ್ನಾಗಿದ್ದರೆ ‘ಬಾಗಾ ಪಡ್ತಾ ಉಂದಿ’, ಕಚ್ಚಿಕೊಂಡರೆ ‘ಪಟ್ಟೇಸಿಂದಿ’. ಶೈಲಜಾ ಚಿಂತಾಮಣಿಯವರೇ. ತಾಯಿಯ ಜೊತೆ ಫೋನಿನಲ್ಲಿ ತೆಲುಗು ಮಾತಾಡುವುದನ್ನು ಅವನು ಕೇಳಿದ್ದ. ಅವನ ಹತ್ತಿರ ಮಾತ್ರ ಮೊದಲ ದಿನದಿಂದ ಕನ್ನಡ, ಅದೂ ತೂಗಿ ನೋಡಿದಂಥ ಕನ್ನಡ, ಹೆಸರಿಗೆ ‘ಅವ್ರೇ’ ಸೇರಿಸಿ. ಅವರು ಅವನಿಗೆ ಮರ್ಯಾದೆ ಕೊಡದೆ, ಗಾಡಿ ಓಡಿಸುವ ಎಲ್ಲರೂ ಮೆಕ್ಯಾನಿಕ್ಕಿನ ಜೊತೆ ಮಾತಾಡುವ ಹಾಗೆ ತೆಲುಗಿನಲ್ಲಿ ಒಂದು ಮಾತು ಒಗೆದಿದ್ದರೆ, ಅವನು ಟೆಂಪೋದ ಅಡಿಯಿಂದ ಎದ್ದು ಬಂದು, ಮೇಡಂ ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ ಎನ್ನುತ್ತಿದ್ದ. ಹೀಗೆ ಯೋಚಿಸಿದಾಗ ಸ್ವಲ್ಪ ಹೊತ್ತು ಹಗುರವಾಗುತ್ತಿತ್ತು. ಆಮೇಲೆ, ತಪ್ಪನ್ನು ಅವರ ಮರ್ಯಾದೆಯ ಮೇಲೇ ಹಾಕುತ್ತಿದ್ದೇನಲ್ಲ ಎಂದು ಇನ್ನಷ್ಟು ಭಾರವಾಗುತ್ತಿತ್ತು. ಕ್ಯಾಲಿಪರು ಹಿಂದೆ ಮುಂದೆ ಸರಿಯುವುದಕ್ಕೆ ಎರಡು ಪಿನ್ನುಗಳಿರುತ್ತವೆ, ಪ್ಯಾಡು ಹಾಕುವಾಗ ಅವುಗಳಿಗೆ ಗ್ರೀಸು ಹಚ್ಚಬೇಕು. ಆರು ವಾರದ ಹಿಂದೆ ಎಡಗಡೆಯ ಪಿನ್ನಿಗೆ ಹಚ್ಚಿದ್ದೆನೇ? ಹಚ್ಚುವ ಕೈ ನೆನಪಿತ್ತು, ಆದರೆ ಅದು ಯಾವ ಗಾಡಿಯ ಮೇಲಿನ ಕೈ ಎಂಬುದು ನೆನಪಿರಲಿಲ್ಲ.

ಗಾಡಿ ಎಳೆದು ತಂದ ದಿನ ವೇಣುಗೋಪಾಲ್ ಎಡಗಡೆಯ ಚಕ್ರ ಬಿಚ್ಚಿಸಿ ಬಗ್ಗಿ ನೋಡಿದ್ದರು. ಡಿಸ್ಕು ನವಿಲಿನ ಕತ್ತಿನ ಹಾಗೆ ನೀಲಿ ತಿರುಗಿತ್ತು. ಪ್ಯಾಡು ಸವೆದು ಕಬ್ಬಿಣ ಮುಟ್ಟಿತ್ತು. “ನೋಡು, ಮೇಲಿಂದ ಕೆಳಗಿನವರೆಗೂ ಕಾಲೇ ತೆಗ್ದಿಲ್ಲ ಇವ್ಳು” ಎಂದರು. ಭಾನುಪ್ರಕಾಶ್ ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅವರು ಹೋದ ಮೇಲೆ ಬಲಗಡೆಯ ಚಕ್ರ ಬಿಚ್ಚಿದ. ಅಲ್ಲಿ ಡಿಸ್ಕು ಬೆಳ್ಳಗೆ, ಪ್ಯಾಡು ದಪ್ಪಗೆ, ಹಾಕಿದ ಹಾಗೇ ಇತ್ತು. ಕಾಲು ಒತ್ತಿದರೆ ಎರಡೂ ಕಡೆಗೆ ಒಂದೇ ಒತ್ತಡ ಹೋಗುತ್ತದೆ. ಕಾಲು ಸುಟ್ಟಿದ್ದರೆ ಎರಡನ್ನೂ ಸುಡಬೇಕಾಗಿತ್ತು. ಒಂದೇ ಕಡೆ ಸುಟ್ಟಿದೆಯೆಂದರೆ ಅಲ್ಲಿ ಪಿನ್ನು ಕಚ್ಚಿಕೊಂಡು, ಎರಡು ಮೂರು ದಿನ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇದ್ದು, ಬೆಟ್ಟದಲ್ಲಿ ಬ್ರೇಕ್ ಆಯಿಲು ಕುದಿದು ಪೆಡಲು ಮೆತ್ತಗಾಗಿದೆ. ಶೈಲಜಾ ಅವರ ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಅವನು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಬೈಪಾಸಿನಲ್ಲಿ ತರಕಾರಿ ಲಾರಿಗಳು ಹೋಗುತ್ತಿದ್ದವು. ಆಮೇಲೆ ಚಕ್ರವನ್ನು ಎತ್ತಿ ಮತ್ತೆ ಹಾಕಿ, ಐದೂ ಬೋಲ್ಟುಗಳನ್ನು ಸರಿಯಾದ ಬಿಗಿಗೆ, ಅಳತೆಯ ಸ್ಪ್ಯಾನರಿನಲ್ಲಿ ಬಿಗಿದ. ಮುಚ್ಚಿಡುವ ಅಂಥ ಕೆಲಸದಲ್ಲೂ ಬಿಗಿ ಸರಿಯಾಗಿರಬೇಕೆಂದು ಅನ್ನಿಸಿದ್ದಕ್ಕೆ ಆಮೇಲೆ ಅವನಿಗೆ ಹೇಸಿಗೆಯಾಯಿತು.

ಒಂದು ಸಲ ಅವನು ಕಾರು ತಲುಪಿಸಲು ಮುದ್ದೇನಹಳ್ಳಿಯ ಅವರ ಮನೆಗೆ ಹೋಗಿದ್ದ. ಹಜಾರದಲ್ಲಿ ಕೂತಿದ್ದ ಆದಿಲಕ್ಷ್ಮಮ್ಮ, ಯಾವೂರಪ್ಪ, ಎಂದು ಕೇಳಿದರು. ಗೌರಿಬಿದನೂರು ಕಡೆ ಎಂದ. ಯಾರ ಪೈಕಿ, ಎಂದರು. ಬಯ್ಯಪ್ಪನ ಮಗ ಎಂದ. ಅವರು ಅಷ್ಟಕ್ಕೇ ಯಾವ ಜನ ಎಂದು ತಿಳಿದುಕೊಂಡರು. ಶೈಲಜಾ ಸ್ಟೀಲಿನ ಲೋಟದಲ್ಲಿ ಕಾಫಿ ತಂದುಕೊಟ್ಟರು. ಕುಡಿದಾದ ಮೇಲೆ ಲೋಟವನ್ನು ಅಲ್ಲೇ ಇಡಬೇಕೋ ತೊಳೆದಿಡಬೇಕೋ ಗೊತ್ತಾಗದೆ ಅವನು ಹಿತ್ತಲಿನ ನಲ್ಲಿಗೆ ಹೋಗಿ ತೊಳೆದ. ಶೈಲಜಾ ಬಾಗಿಲಲ್ಲಿ ನಿಂತು, “ಅಯ್ಯೋ, ಕೊಡಿ ಇಲ್ಲಿ” ಎಂದು ಕಸಿದುಕೊಂಡರು. ಅವರ ಮುಖ ಕೆಂಪಾಗಿತ್ತು. ತೊಳೆಯದಿದ್ದರೆ ಅತ್ತೆಯ ಮುಂದೆ ಅವರಿಗೆ ಮುಜುಗರ, ತೊಳೆದದ್ದರಿಂದ ಅವನ ಮುಂದೆ ಮುಜುಗರ. ಆ ದಿನದಿಂದ ಅವನಿಗೆ ಅವರನ್ನು ಕಂಡರೆ ಗೌರವಕ್ಕಿಂತ ಹೆಚ್ಚಾಗಿ ಒಂದು ಬಗೆಯ ದಣಿವು. ಒಳ್ಳೆಯವರ ಎದುರಿಗೆ ಸದಾ ಸರಿಯಾಗಿ ನಡೆದುಕೊಳ್ಳಬೇಕಾಗುತ್ತದೆ. ಈ ವಿಷಯ ಹೆಂಡತಿ ಲಾವಣ್ಯಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತ, “ನಿಮಗೆ ಲೋಟ ತೊಳೆದ್ರೂ ಯೋಚ್ನೆ, ತೊಳೀದಿದ್ರೂ ಯೋಚ್ನೆ. ಕಾಫಿ ಹೆಂಗಿತ್ತು ಅದು ಹೇಳಿ” ಎಂದಿದ್ದಳು. ಕಾಫಿ ಹೇಗಿತ್ತೆಂದು ಅವನಿಗೆ ನೆನಪಿರಲಿಲ್ಲ.

ಹನ್ನೊಂದು ಹತ್ತಕ್ಕೆ ವೇಣುಗೋಪಾಲರ ತೋಟದ ಹೂವು ಸಾಗಿಸುವ ಪಿಕಪ್ ಗಾಡಿ ಬಂದು ನಿಂತಿತು. ವೇಣುಗೋಪಾಲ್ ಡ್ರೈವರ್ ಸೀಟಿನಿಂದ ಇಳಿದರು. ಶೈಲಜಾ ಇನ್ನೊಂದು ಬಾಗಿಲಿನಿಂದ, ಸೆರಗಿಗೆ ಅಂಟಿದ್ದ ಗುಲಾಬಿ ಎಲೆಯೊಂದನ್ನು ತೆಗೆಯುತ್ತ ಇಳಿದರು. ಎಂಟು ದಿನದಿಂದ ಕಾಲೇಜಿಗೂ ಅವರು ಅದರಲ್ಲೇ, ಹೂವಿನ ಡಬ್ಬಗಳ ಪಕ್ಕದಲ್ಲಿ ಕೂತು ಹೋಗುತ್ತಿದ್ದಾರೆಂದು ಭಾನುಪ್ರಕಾಶನಿಗೆ ಗೊತ್ತಿತ್ತು.

“ಏನಪ್ಪ ಭಾನು, ಯಾವುದು ಫೈನಲ್ ಮಾಡ್ದೆ?”

“ಕೂತ್ಕೊಳ್ಳಿ ಸಾರ್.”

“ಕೂರಕ್ಕೆಲ್ಲಿ ಟೈಮು. ಒಂದು ಗಂಟೆಗೆ ಹೂವು ಏರ್‌ಪೋರ್ಟ್ ಕಡೆ ಹೊರಡ್ಬೇಕು. ಸಿಡ್ಲಘಟ್ಟದ ಚಿರಂಜೀವಿ ಹಳದಿ ಹಾಕ್ಸಿದಾನೆ, ನಮ್ಮದು ಕೆಂಪೇ ಇರ್ಲಿ. ಅವನ ನೋಡಿ ಹಾಕ್ಸಿದ ಅನ್ಬಾರ್ದಲ್ಲ.”

“ಅಮ್ಮನವರಿಗೆ ಹೆಂಗಿದೆ ಮೇಡಂ?”

“ಪರವಾಗಿಲ್ಲ. ಕೈ ಮೇಲಕ್ಕೆ ಎತ್ತಕ್ಕಾಗಲ್ಲ ಇನ್ನೂ” ಎಂದರು ಶೈಲಜಾ.

“ನಮ್ಮಮ್ಮ ಏನಂತಾಳೆ ಗೊತ್ತಾ?” ವೇಣುಗೋಪಾಲ್ ನಗುತ್ತ ಹೇಳಿದರು. “ನಂದಿ ತೋರಿಸ್ತೀನಿ ಅಂತ ಕರ್ಕೊಂಡೋಗಿ, ನನ್ನ ಸೊಸೆ ಶಿವನ್ನೇ ತೋರ್ಸಕ್ಕೆ ಹೊರಟಿದ್ಳು ಅಂತಾಳೆ.”

ಹರಿಕೃಷ್ಣ ಕ್ಯಾಬಿನ್ನಿನಿಂದಲೇ ಗಟ್ಟಿಯಾಗಿ ನಕ್ಕ. ಶೈಲಜಾ ಕೂಡ, ಹಲವು ಸಲ ಕೇಳಿದ ಮಾತಿಗೆ ಮನೆಯವರು ನಗುವ ಹಾಗೆ, ತುಟಿ ಸರಿಸಿದರು. ಭಾನುಪ್ರಕಾಶ್ ತಾನೂ ನಗುತ್ತಿದ್ದೇನೆಂದು ಗೊತ್ತಾಗಿ ಬಾಯಿ ಮುಚ್ಚಿದ.

“ಆಟೋಮ್ಯಾಟಿಕ್ ಗಾಡಿ. ಡ್ರೈವಲ್ಲಿ ಹಾಕ್ಕೊಂಡು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳ್ದಿದಾಳೆ” ಎಂದರು ವೇಣುಗೋಪಾಲ್. ಅವರ ದನಿಯಲ್ಲಿ ಕೋಪವಿರಲಿಲ್ಲ.

“ಕೈಯಲ್ಲೇ ಎರಡನೇ ಗೇರಿಗೆ ಹಾಕಿ ಇಳಿಸಿದೆ ಅಂತ ಹೇಳಿದೀನಿ.”

“ಆಯ್ತಮ್ಮ, ಎರಡನೇ ಗೇರು. ಯಾರು ಇಲ್ಲ ಅಂದ್ರು?” ಅವರು ಭಾನುಪ್ರಕಾಶನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. “ಕಳವಾರದ ಕಡೆಯೋನೊಬ್ಬ ಡ್ರೈವರ್‌ಗೆ ಹೇಳಿದೀನಿ, ಸೋಮವಾರದಿಂದ ಬರ್ತಾನೆ. ಇವಳಿಗೂ ನೆಮ್ಮದಿ, ನಮಗೂ ನೆಮ್ಮದಿ.”

ಶೈಲಜಾ ಕಾರಿನ ಬಾಗಿಲಿನ ಗೀರಿನ ಮೇಲೆ ಬೆರಳು ಎಳೆಯುತ್ತಿದ್ದರು. ತಪ್ಪು ಅವರದೇ ಇರಬಹುದು ಎಂದು ಅವರೇ ನಂಬತೊಡಗಿದ್ದಾರೆ ಎಂದು ಭಾನುಪ್ರಕಾಶನಿಗೆ ಆ ಬೆರಳು ನೋಡಿ ಅನ್ನಿಸಿತು. ಅಥವಾ ಹಾಗೆ ಅನ್ನಿಸುವುದು ತನ್ನ ಅಹಂಕಾರವೂ ಇರಬಹುದು. ಅವರು ಬಣ್ಣದ ಬಗ್ಗೆ ಯೋಚಿಸುತ್ತಿರಬಹುದು. ಅವನು ಮೇಜಿನ ಮೇಲಿನ ಕೆಂಪು ಪುಸ್ತಕ ಎತ್ತಿಕೊಂಡ. ಇದು ಸಾರ್, ಎಂದರೆ ಮುಗಿಯಿತು. ನಾಲಗೆ ಆ ಎರಡು ಪದಗಳಿಗೆ ಸಿದ್ಧವೂ ಆಗಿತ್ತು. ಅವನು ಪುಸ್ತಕ ಕೆಳಗಿಟ್ಟು, ಯಾವ ನಿರ್ಧಾರವೂ ಆದಂತೆ ಅನ್ನಿಸದೆ, ಕಾರಿನ ಬಲಬದಿಗೆ ನಡೆದು ಹೋಗಿ ಐದು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಚಕ್ರವನ್ನು ಕೆಳಗಿಳಿಸಿದ. ಧೈರ್ಯ ಎಂದು ಜನ ಕರೆಯುವುದು ಇದನ್ನೇ ಆದರೆ ಅದರಲ್ಲಿ ಏನೂ ಇರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

“ಇಲ್ಲಿ ನೋಡಿ ಸಾರ್.”

ವೇಣುಗೋಪಾಲ್ ಸುತ್ತಿ ಬಂದು ಬಗ್ಗಿದರು. “ಏನಿದೆ? ಚೆನ್ನಾಗೇ ಇದೆಯಲ್ಲ.”

“ಚೆನ್ನಾಗಿದೆ. ಮೇಡಂ ಕಾಲಿಟ್ಕೊಂಡೇ ಇಳ್ದಿದ್ರೆ ಇದೂ ಆ ಕಡೇದರ ಹಂಗೇ ನೀಲಿ ಆಗಿರ್ಬೇಕಿತ್ತು. ಇದು ಸುಟ್ಟಿಲ್ಲ. ಆ ಕಡೆ ಪಿನ್ನು ಕಚ್ಕೊಂಡಿತ್ತು ಸಾರ್. ಕಾಲು ತೆಗೆದ್ರೂ ಅದು ಬಿಡ್ತಿರ್ಲಿಲ್ಲ. ಪ್ಯಾಡ್ ಹಾಕಿದ್ದು ನಾನು. ಗ್ರೀಸ್ ಹಚ್ಚಿದ್ನೋ ಇಲ್ವೋ ನನಗೆ ನೆನಪಿಲ್ಲ.” ಅವನು ನಿಲ್ಲಿಸಿದ. ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. “ಮೇಡಂ ಹಿಂದಿನ ದಿನ ಫೋನ್ ಮಾಡಿದ್ರು. ಬ್ರೇಕು ಹಿಡೀತಿದೆ ಅಂದ್ರು. ನಾನು ಚೆನ್ನಾಗಿ ಹಿಡೀತಿದೆ ಅಂತ ತಿಳ್ಕೊಂಡೆ.”

ವೇಣುಗೋಪಾಲ್ ನೇರವಾಗಿ ನಿಂತು ಅವನನ್ನು ನೋಡಿದರು. “ಚೆನ್ನಾಗಿ ಹಿಡೀತಿದೆ ಅಂತ ಹೇಳಕ್ಕೆ ಯಾರಾದ್ರೂ ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರೇನಪ್ಪ?”

ಎಂಟು ದಿನ ಆ ಮಾತನ್ನು ತಿರುಗಿಸಿ ಮುರುಗಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ಇಟ್ಟು ನೋಡಿದ್ದ ಭಾನುಪ್ರಕಾಶನಿಗೆ ಇದೊಂದು ಹೊಳೆದಿರಲಿಲ್ಲ. ಇಷ್ಟು ಸುಲಭದ್ದು. ಎರಡು ಅರ್ಥಗಳ ಆ ಕಟ್ಟಡವೆಲ್ಲ ಒಂದು ಕ್ಷಣದಲ್ಲಿ ಕುಸಿದು, ಟೆಂಪೋದ ಅಡಿ ಮಲಗಿ ಗಿರಾಕಿಯ ಮಾತು ಪೂರ್ತಿ ಕೇಳಿಸಿಕೊಳ್ಳದ ಒಬ್ಬ ಮೆಕ್ಯಾನಿಕ್ಕು ಮಾತ್ರ ಉಳಿದ. ಕ್ಯಾಬಿನ್ನಿನಲ್ಲಿ ಹರಿಕೃಷ್ಣ ಎದ್ದು ನಿಂತದ್ದು ಗಾಜಿನಲ್ಲಿ ಕಾಣಿಸಿತು. ಭಾನುಪ್ರಕಾಶನಿಗೆ ಮತ್ತೆ ಕೈ ತೊಳೆಯಬೇಕೆನಿಸಿತು.

“ನೀವು ನಕ್ಕಿದ್ರಿ” ಎಂದರು ಶೈಲಜಾ. ಅವರು ಕಾರಿನ ಆ ಬದಿಯಲ್ಲೇ ನಿಂತಿದ್ದರು, ಮುಖ ಮಾತ್ರ ಗಾಜಿನಾಚೆ ಕಾಣುತ್ತಿತ್ತು. “ನೀವು ನಕ್ಕಿದ್ದಕ್ಕೆ ನಾನೂ ನಕ್ಕೆ. ಆಮೇಲೆ ಮನೇಲಿ ಇವರು ಕೇಳ್ದಾ‌ಗ, ಹೇಳಿದ್ದೆ ಅಂತ ಗಟ್ಟಿಯಾಗಿ ಹೇಳಕ್ಕೆ ಬಾಯಿ ಬರ್ಲಿಲ್ಲ. ನಕ್ಕೊಂಡು ಹೇಳಿದ್ದು ಹೇಳಿದಂಗಾಗತ್ತಾ? ಹೇಳಿದ್ನೋ ಇಲ್ವೋ ಅಂತ ನನಗೇ ಅನುಮಾನ ಬಂದ್ಬಿಟ್ಟಿತ್ತು.” ಗೀರಿನಿಂದ ಬೆರಳು ತೆಗೆದು, “ಎಂಟು ದಿನ ಆಯ್ತು ಭಾನು ಅವ್ರೇ” ಎಂದರು.

ಅವನು ಹೂಂ ಎಂದ.

ವೇಣುಗೋಪಾಲ್ ಹೆಂಡತಿಯನ್ನೂ ಅವನನ್ನೂ ನೋಡಿ, ಕೈ ಒದರಿದರು. “ಸರಿ ಬಿಡಿ, ಆಗಿದ್ದಾಯ್ತು. ಯಾರ ತಪ್ಪಾದ್ರೇನೀಗ. ಹರಿಕೃಷ್ಣ, ಕೆಂಪು ಕಿಟ್ಟು ಬರೀರಿ.”

“ಕಿಟ್ಟು ಬೇಡ ಸಾರ್” ಎಂದ ಭಾನುಪ್ರಕಾಶ್. “ಕಂಪನಿ ಬ್ರೇಕೇ ಸಾಕು.”

“ತಪ್ಪು ಮಾಡ್ದೋನೂ ನೀನೇ, ಈಗ ಬುದ್ಧಿ ಹೇಳೋನೂ ನೀನೇ. ನೀನು ಹೇಳಿದ ಬ್ರೇಕು ನಾನ್ಯಾಕಪ್ಪ ಹಾಕಿಸ್ಲಿ?”

ಅದು ನ್ಯಾಯವಾದ ಪ್ರಶ್ನೆಯೆಂದೇ ಭಾನುಪ್ರಕಾಶನಿಗೆ ಅನ್ನಿಸಿತು. ಸುಳ್ಳನ್ನು ಬಿಟ್ಟುಕೊಟ್ಟ ತಕ್ಷಣ ತನ್ನ ತಿಳುವಳಿಕೆಯೂ ಅದರ ಜೊತೆಗೇ ಹೋಯಿತೆಂದು ಅವನು ದೂರದಿಂದ ನೋಡುವವನಂತೆ ಗಮನಿಸಿದ. ಶೈಲಜಾ ಈ ಬದಿಗೆ ಬಂದು ಬೆಳ್ಳನೆಯ ಡಿಸ್ಕಿನ ಎದುರು ಕುಕ್ಕರಿಸಿದರು.

“ಆ ಕಿಟ್ಟಲ್ಲಿ ಏನು ತೊಂದರೆ? ನನಗೆ ಹೇಳಿ.”

“ಆ ಪ್ಯಾಡು ಬಿಸಿ ಆಗೋವರೆಗೂ ಸರಿಯಾಗಿ ಕೆಲ್ಸ ಮಾಡಲ್ಲ ಮೇಡಂ.”

“ಎಷ್ಟು ಬಿಸಿ?”

“ಇನ್ನೂರು ಡಿಗ್ರಿ ಹತ್ರ.”

“ಏಳೂವರೆಗೆ ಮನೆಯಿಂದ ಹೊರಡ್ತೀನಿ. ಮೊದಲನೇ ತಿರುವಲ್ಲೇ ಸ್ಕೂಲ್ ಮಕ್ಕಳು ದಾಟ್ತಿರ್ತಾರೆ.”

“ಆವಾಗ ತಣ್ಣಗಿರ್ತದೆ. ಒತ್ತಿದ ಕೂಡ್ಲೇ ನಿಲ್ಲಲ್ಲ.”

ಅವರು ಎದ್ದರು. ಅಷ್ಟರಲ್ಲಿ ಹರಿಕೃಷ್ಣ ಜಾಬ್ ಕಾರ್ಡು ಹಿಡಿದುಕೊಂಡು ಬಂದಿದ್ದ. ಭಾನುಪ್ರಕಾಶನ ಕಡೆ ನೋಡದೆ, “ಕಿಟ್ಟು ಬರೆದಿದೀನಿ ಸಾರ್, ಇಲ್ಲೊಂದು ಓನರ್ ಸೈನು” ಎಂದು ವೇಣುಗೋಪಾಲರಿಗೆ ಚಾಚಿದ. ಕಾರ್ಡಿನಲ್ಲಿ ಕಂಪ್ಯೂಟರ್ ಅಚ್ಚು ಹಾಕಿದ ಮಾಲೀಕರ ಹೆಸರು ಶೈಲಜಾ ಎಂದಿತ್ತು. ಶೈಲಜಾ ಅದನ್ನು ಓದಿದರು.

“ನನ್ನ ಹೆಸರಲ್ಲವಾ ಇರೋದು.”

“ಅದು ಜಾತಕಕ್ಕೆ ಮಾಡ್ಸಿದ್ದು ಕಣೇ” ಎಂದರು ವೇಣುಗೋಪಾಲ್, ಹರಿಕೃಷ್ಣನಿಗೂ ಕೇಳುವಂತೆ. “ನನಗೆ ವಾಹನ ಯೋಗ ಇಲ್ಲ ಅಂದ್ರು ಜೋಯಿಸ್ರು. ಇವಳ ಜಾತಕದಲ್ಲಿ ಚೆನ್ನಾಗಿದೆ, ಇವಳ ಹೆಸರಲ್ಲಿ ತಗೊಳ್ಳಿ ಅಂದ್ರು.”

“ಹಂಗಾದ್ರೆ ಜೋಯಿಸ್ರ ಮಾತು ಯಾಕೆ ಮೀರೋದು” ಎಂದು ಶೈಲಜಾ ಹರಿಕೃಷ್ಣನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಕಿಟ್ಟಿನ ಸಾಲನ್ನು ಹೊಡೆದುಹಾಕಿ, ‘ಕಂಪನಿ ಬ್ರೇಕು’ ಎಂದು ಬರೆದು, ಉತ್ತರಪತ್ರಿಕೆಗೆ ಹಾಕುವಂಥ ಚಿಕ್ಕ ಸಹಿ ಹಾಕಿದರು. “ಇವತ್ತು ಎರಡನೇ ಶನಿವಾರ, ಕಾಲೇಜಿಲ್ಲ. ಭಾನು ಅವರೇ ಹಾಕ್ಲಿ. ನಾನು ಕೂತು ನೋಡ್ತೀನಿ.”

ವೇಣುಗೋಪಾಲ್ ಗಡಿಯಾರ ನೋಡಿ, ಹೂವು ಬಾಡುತ್ತದೆಂದು ಹೊರಟುಹೋದರು.

ಭಾನುಪ್ರಕಾಶ್ ಗೋಣಿತಾಟಿನಡಿಯಿಂದ ಡಬ್ಬಗಳನ್ನು ತೆಗೆದಾಗ ಶೈಲಜಾ, ಮೊದಲೇ ತರಿಸಿದ್ದಿರಾ, ಎಂದು ಕೇಳಬಹುದೆಂದು ಕಾದ. ಅವರು ಕೇಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಚಕ್ರದಿಂದ ಮೂರಡಿ ದೂರದಲ್ಲಿ ಕೂತರು. ಇದೇನು, ಇದ್ಯಾಕೆ, ಇದಕ್ಕೆ ಎಷ್ಟು ಗ್ರೀಸು. ಕೇಳಿದ್ದಕ್ಕೆಲ್ಲ ಅವನು ಹೇಳಿದ. ಬಲಗಡೆಯ ಪಿನ್ನಿಗೆ ಗ್ರೀಸು ಹಚ್ಚುವಾಗ ಎತ್ತಿ ತೋರಿಸಿದ; ಅವರು ತಲೆಯಾಡಿಸಿದರು, ಪ್ರಯೋಗಶಾಲೆಯಲ್ಲಿ ಹುಡುಗರು ಬ್ಯೂರೆಟ್ ತೋರಿಸಿದಾಗ ಆಡಿಸುವ ಹಾಗೆ. ತಪ್ಪೊಪ್ಪಿಕೊಂಡವನಿಗೆ ಹಗುರಾಗುತ್ತದೆ ಎಂದು ಅವನು ಎಲ್ಲೋ ಓದಿದ್ದ. ಹಾಗೇನೂ ಆಗಿರಲಿಲ್ಲ. ಹರಿಕೃಷ್ಣ ಸಂಜೆ ಏನನ್ನುತ್ತಾನೆ, ಸೋಮವಾರ ತಾನು ಇಲ್ಲಿ ಇರುತ್ತೇನೋ ಇಲ್ಲವೋ, ಲಾವಣ್ಯಳಿಗೆ ಯಾವ ಕಡೆಯಿಂದ ಹೇಳಲು ಶುರುಮಾಡುವುದು ಎಂಬುದೆಲ್ಲ ತಲೆಯಲ್ಲಿ ಸುತ್ತುತ್ತಿದ್ದವು. ನೋಡುತ್ತಿರುವ ಆ ಎರಡು ಕಣ್ಣುಗಳ ಮುಂದೆ ಕೈ ಮಾತ್ರ ತಪ್ಪುವ ಹಾಗಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಗಾಳಿ ತೆಗೆಯುವುದೊಂದು ಉಳಿಯಿತು. ಬ್ರೇಕ್ ಆಯಿಲು ಬದಲಿಸಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಹಾಕಬೇಕು, ಉಳಿದರೆ ಪೆಡಲು ಮತ್ತೆ ಮೆತ್ತಗಾಗುತ್ತದೆ. ಅದಕ್ಕೆ ಇಬ್ಬರು ಬೇಕು: ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಸಣ್ಣ ತಿರುಪುಮೊಳೆಯೊಂದನ್ನು ಸಡಿಲಿಸಿ, ಅದಕ್ಕೆ ಸಿಕ್ಕಿಸಿದ ಪಾರದರ್ಶಕ ನಳಿಗೆಯಲ್ಲಿ ಗುಳ್ಳೆ ಬರುವುದು ನಿಂತಿತೇ ಎಂದು ನೋಡಬೇಕು. ಅವನು ಯಾರನ್ನಾದರೂ ಕರೆಯೋಣವೆಂದು ಸುತ್ತ ನೋಡುತ್ತಿರುವಾಗ ಶೈಲಜಾ ಚಪ್ಪಲಿ ಬಿಟ್ಟು, ಇಳಿಸಿದ ಲಿಫ್ಟಿನ ಅಂಚಿನ ಮೇಲೆ ಕಾಲಿಟ್ಟು, ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು. ಎಂಟು ದಿನದ ಮೇಲೆ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡರು, ಗಾಡಿ ಎಲ್ಲಿಗೂ ಹೋಗುವುದಿಲ್ಲವೆಂದು ಗೊತ್ತಿದ್ದೂ.

“ಒತ್ತಿ ಮೇಡಂ. ಹಾಂ, ಹಂಗೇ ಇರಿ. ಈಗ ಬಿಡಿ.”

ಹಿಂದಿನ ಎರಡು ಚಕ್ರ, ಮುಂದಿನ ಬಲಚಕ್ರ ಆಯಿತು. ಹೊಸ ಕ್ಯಾಲಿಪರಿನಲ್ಲಿ ಗಾಳಿ ಹೆಚ್ಚೆಂದು ಮುಂದಿನ ಎಡಗಡೆಯದನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಅಲ್ಲಿ ಕುಳಿತರೆ ಅವರಿಗೆ ಅವನು ಕಾಣುವುದಿಲ್ಲ, ನಳಿಗೆಯೂ ಕಾಣುವುದಿಲ್ಲ, ದನಿ ಮಾತ್ರ. ವೇಣುಗೋಪಾಲ್ ಹೂವು ಕಳಿಸಿ ಬಂದು, ಎರಡೂ ಕೈ ಸೊಂಟಕ್ಕೆ ಕೊಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಹತ್ತು ಸಲ, ಹನ್ನೆರಡು ಸಲ, ಹದಿನೈದು ಸಲ.

“ಸಾಕು ಬಿಡಮ್ಮ ಶೈಲು, ಕಾಲು ನೋವು ಬರುತ್ತೆ” ಎಂದರು. “ಇಷ್ಟು ಸಲ ಯಾರು ಒತ್ತಿಸ್ತಾರೆ? ಏನಪ್ಪ, ಆಗಿರಬೇಕಲ್ಲ?”

ನಳಿಗೆಯಲ್ಲಿ ಆಯಿಲು ಸ್ವಚ್ಛವಾಗಿ, ಜೇನಿನ ಬಣ್ಣದಲ್ಲಿ ಇಳಿಯುತ್ತಿತ್ತು. ಅದರ ನಡುವೆ ಸಾಸಿವೆಯಷ್ಟು ಒಂದು ಗುಳ್ಳೆ ಮೇಲೆದ್ದು, ನಳಿಗೆಯ ಗೋಡೆಗೆ ಅಂಟಿ, ಮುಂದೆ ಹೋಯಿತು. ಒಂದೇ ಒಂದು. ಅದು ಮೊಳೆಯ ಸುತ್ತಿನಿಂದ ಒಳಗೆ ಎಳೆದ ಗಾಳಿಯೂ ಇರಬಹುದು; ಅನೇಕ ಸಲ ಹಾಗಾಗುತ್ತದೆ, ಬಿಟ್ಟರೂ ನಡೆಯುತ್ತದೆ.

“ಭಾನು ಅವ್ರೇ” ಎಂದು ಒಳಗಿನಿಂದ ಶೈಲಜಾ ಕೇಳಿದರು. “ಇನ್ನೂ ಗುಳ್ಳೆ ಬರ್ತಿದೆಯಾ?”

“ಬರ್ತಿದೆ ಮೇಡಂ.”

ಅವರು ಮತ್ತೆ ಒತ್ತಿದರು.